2038ರಲ್ಲಿ ಕಂಪ್ಯೂಟರ್‌ಗಳ ಕಾಲ ತಪ್ಪಿಸಬಲ್ಲ ಸಂಖ್ಯೆ: ಏನಿದು 2,14,74,83,647?

ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷದ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಓದಲು ಉಸಿರು ಬೇಕಾದ ಈ ಸಂಖ್ಯೆಗೆ ಗಣಿತದಲ್ಲೂ ಕಂಪ್ಯೂಟರ್ ಲೋಕದಲ್ಲೂ ವಿಶೇಷ ಸ್ಥಾನವಿದೆ. ಯಾಕೆ? ಇಲ್ಲಿದೆ ವಿವರ.

ಮರ್ಸೆನ್ ಅವಿಭಾಜ್ಯ

31 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧದಲ್ಲಿ 1 ಕಳೆದರೆ ಈ ಸಂಖ್ಯೆ ಸಿಗುತ್ತದೆ. 1 ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವ ಸಂಖ್ಯೆಯಿಂದಲೂ ಇದು ನಿಶ್ಶೇಷವಾಗಿ ಭಾಗವಾಗದು. ಹೀಗೆ ಹುಟ್ಟುವ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯ ಎಂದು ಹೆಸರು. 3, 7, 31, 127... ಈ ಸಾಲಿನಲ್ಲಿ ಇದು ಎಂಟನೆಯದು. ಆದರೆ ಈ ಸೂತ್ರ ಪ್ರತಿ ಬಾರಿಯೂ ಫಲಿಸುವುದಿಲ್ಲ. 11 ಎರಡುಗಳನ್ನು ಗುಣಿಸಿ 1 ಕಳೆದರೆ ಬರುವ 2047, 23 ಮತ್ತು 89ರ ಗುಣಲಬ್ಧ.

ಆಯ್ಲರ್ ಸಾಧಿಸಿದ್ದು ಹೇಗೆ?

1772ರಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಇದು ಅವಿಭಾಜ್ಯವೆಂದು ತೋರಿಸಿದರು. ವರ್ಗಮೂಲವಾದ ಸುಮಾರು 46,340ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅವುಗಳಲ್ಲೂ 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಉಳಿಯುವಂಥವನ್ನು ಮಾತ್ರ ಪರೀಕ್ಷಿಸಬೇಕು. ಸಾವಿರಾರು ಲೆಕ್ಕಗಳ ಕೆಲಸ ಹೀಗೆ ಹಗುರಾಯಿತು. ಮುಂದೆ ದಶಕಗಳ ಕಾಲ ಇದೇ ಜಗತ್ತಿಗೆ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯವಾಗಿತ್ತು.

ಕಂಪ್ಯೂಟರ್‌ಗೇಕೆ ಗಡಿ?

32 ಬಿಟ್‌ಗಳಲ್ಲಿ ಸಂಖ್ಯೆ ಬರೆಯುವಾಗ ಒಂದು ಬಿಟ್ ಧನವೋ ಋಣವೋ ಎಂದು ಸೂಚಿಸಲು ಹೋಗುತ್ತದೆ. ಉಳಿದ 31 ಬಿಟ್‌ಗಳೂ 1 ಆದಾಗ ಬರುವುದೇ ಈ ಸಂಖ್ಯೆ. ಅದಕ್ಕಿಂತ ಒಂದು ಹೆಚ್ಚಾದರೂ ಜಾಗವಿಲ್ಲ. 2014ರಲ್ಲಿ 'ಗಂಗ್ನಮ್ ಸ್ಟೈಲ್' ಹಾಡಿನ ವೀಕ್ಷಣೆ ಈ ಗಡಿ ಮುಟ್ಟಿದ್ದರಿಂದ ಯೂಟ್ಯೂಬ್ ತನ್ನ ಎಣಿಕೆಯನ್ನು 64 ಬಿಟ್‌ಗೆ ಬದಲಿಸಿತು.

2038ರ ಸಮಸ್ಯೆ ಏನು?

ಅನೇಕ ಕಂಪ್ಯೂಟರ್ ವ್ಯವಸ್ಥೆಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತಾ ಬಂದಿವೆ. 32 ಬಿಟ್ ಎಣಿಕೆ 2038ರ ಜನವರಿ 19, ಮಂಗಳವಾರ, ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಭರ್ತಿಯಾಗುತ್ತದೆ. ಮರುಕ್ಷಣ ಎಣಿಕೆ ಋಣ ಸಂಖ್ಯೆಗೆ ಜಾರಿ, ದಿನಾಂಕ 1901ರ ಡಿಸೆಂಬರ್‌ಗೆ ಹೋಗಬಹುದು!

ನಾವು ಹೆದರಬೇಕೇ?

ಇಂದಿನ ಬಹುತೇಕ ಫೋನ್, ಲ್ಯಾಪ್‌ಟಾಪ್‌ಗಳು 64 ಬಿಟ್‌ನವು, ಆತಂಕ ಬೇಡ. 32 ಬಿಟ್ ಯಂತ್ರಗಳಿಗೂ ಲಿನಕ್ಸ್ 2020ರಲ್ಲಿ ಪರಿಹಾರ ಒದಗಿಸಿದೆ. ತೊಂದರೆ ಇರುವುದು ವರ್ಷಗಟ್ಟಲೆ ಯಾರೂ ಮುಟ್ಟದ ಹಳೆಯ ಯಂತ್ರ ಮತ್ತು ತಂತ್ರಾಂಶಗಳಲ್ಲಿ. 20 ವರ್ಷದ ಗೃಹಸಾಲವನ್ನು ಇಂದು ಪಡೆದರೂ ಕೊನೆಯ ಕಂತು 2038ನ್ನು ದಾಟುತ್ತದೆ. ಹಾಗಾಗಿ ದುರಸ್ತಿಗೆ ಆ ಮಂಗಳವಾರದವರೆಗೆ ಕಾಯುವಂತಿಲ್ಲ.