ಹಾಲು, ಹೆಸರು, ಹಾಡು: ಹೆಣ್ಣುಮಗುವಿನ ಅಳಲಿಗೆ ಕಾವ್ಯದ ಸಾಕ್ಷ್ಯ

ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ನಮಗೆಲ್ಲ ಪರಿಚಿತವಾದ ಒಂದು ಪದ್ಧತಿಯಿದೆ. ನೆರೆಮನೆಯಲ್ಲಿ ಹೆರಿಗೆಯಾಯಿತೆಂದರೆ ನಮ್ಮ ಬಾಗಿಲಿಗೆ ಸಿಹಿಯ ಡಬ್ಬಿ ಬರುತ್ತದೆ. ಡಬ್ಬಿಯಲ್ಲಿ ಪೇಡೆಯಿದ್ದರೆ ಗಂಡು, ಬರ್ಫಿಯಿದ್ದರೆ ಹೆಣ್ಣು. ಬಾಯಿಬಿಟ್ಟು ಕೇಳುವ ಪ್ರಮೇಯವೇ ಇಲ್ಲ. ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಇದೊಂದು ಧ್ವನಿ: ವಾಚ್ಯಾರ್ಥವು ಎರಡರಲ್ಲಿಯೂ ಸಂತೋಷವೇ, ವ್ಯಂಗ್ಯಾರ್ಥವು ಮಾತ್ರ ಬೇರೆ. ಹೆಣ್ಣುಗಂಡೆಂಬ ತಾರತಮ್ಯವು ನಮ್ಮ ಸಮಾಜದಲ್ಲಿ ಒರಟು ಮಾತಿನಲ್ಲಿ ವ್ಯಕ್ತವಾಗುವುದಕ್ಕಿಂತ ಹೆಚ್ಚಾಗಿ ಹೀಗೆ ಸಿಹಿಯ ಹೊದಿಕೆಯಲ್ಲಿಯೇ ವ್ಯಕ್ತವಾಗುತ್ತದೆ. ಆ ಹೊದಿಕೆಯನ್ನು ಸರಿಸಿ ಒಳಗಿರುವುದನ್ನು ತೋರಿಸುವ ಕಾರ್ಯವನ್ನು ಅಂಕಿಅಂಶಗಳಿಗಿಂತ ಮೊದಲು ಕೈಗೊಂಡದ್ದು ಕಾವ್ಯ. ಅದರ ಕೆಲವು ನಿದರ್ಶನಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಆಶೀರ್ವಾದ ಮತ್ತು ಹೆಸರು

ಮೊದಲು ನಮ್ಮ ನಿತ್ಯದ ನುಡಿಯನ್ನೇ ಪರಿಶೀಲಿಸೋಣ. ಕಾಲಿಗೆರಗಿದ ನವವಧುವಿಗೆ ಹಿರಿಯರು ನೀಡುವ ಹರಕೆ ‘ಅಷ್ಟಪುತ್ರಾ ಸೌಭಾಗ್ಯವತೀ ಭವ’. ಎಂಟು ಮಕ್ಕಳ ಕಾಲ ಹೋಯಿತು. ‘ಪುತ್ರ’ ಎಂಬ ಮಾತು ಮಾತ್ರ ಉಳಿಯಿತು. ಗರ್ಭಿಣಿಗೆ ಮಾಡುವ ಪುಂಸವನ ಸಂಸ್ಕಾರದ ಹೆಸರೇ ಗಂಡು ಸಂತಾನವನ್ನು ಬಯಸುತ್ತದೆ. ಅಥರ್ವವೇದದ ಒಂದು ಸೂಕ್ತವು ಹೆಣ್ಣಿನ ಜನನ ಬೇರೆಲ್ಲಾದರೂ ಆಗಲಿ, ಇಲ್ಲಿ ಗಂಡೇ ಹುಟ್ಟಲಿ ಎಂದು ಪ್ರಾರ್ಥಿಸುತ್ತದೆ. ‘ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ’ ಎಂಬ ನಮ್ಮ ಗಾದೆಯಲ್ಲಿ ಇಬ್ಬರಿಗೂ ಸ್ಥಾನವಿದೆಯೆಂಬುದು ನಿಜ. ಆದರೆ ಯಾರಿಗೆ ಯಾವ ಸ್ಥಾನವೆಂಬುದೂ ಅಲ್ಲಿಯೇ ತೀರ್ಮಾನವಾಗಿಬಿಟ್ಟಿದೆ.

ಹೆಸರುಗಳು ಇದಕ್ಕಿಂತಲೂ ನಿಷ್ಠುರವಾಗಿ ಮಾತಾಡುತ್ತವೆ. ಮಹಾರಾಷ್ಟ್ರದಲ್ಲಿ ಮೇಲಿಂದ ಮೇಲೆ ಹೆಣ್ಣು ಹುಟ್ಟಿದ ಮನೆಗಳಲ್ಲಿ ಕೂಸಿಗೆ ‘ನಕೂಸಾ’ ಅಥವಾ ‘ನಕೂಶಿ’ ಎಂದು ಹೆಸರಿಡುವ ರೂಢಿಯಿತ್ತು. ‘ಬೇಡವಾದವಳು’ ಎಂಬುದೇ ಅದರ ಅರ್ಥ. ಶಾಲೆಯ ಹಾಜರಿ ಪುಸ್ತಕದಲ್ಲಿ ದಿನವೂ ಆ ಮಾತನ್ನು ಕೇಳಿ ‘ಹಾಜರ್’ ಎನ್ನಬೇಕಾದ ಬಾಲೆಯ ಮನಸ್ಸು ಹೇಗಿದ್ದೀತು? 2011ರ ಅಕ್ಟೋಬರಿನಲ್ಲಿ ಸಾತಾರಾ ಜಿಲ್ಲೆಯಲ್ಲಿ ಸಮಾರಂಭವೊಂದನ್ನು ಏರ್ಪಡಿಸಿ ಇಂತಹ 285 ಹುಡುಗಿಯರಿಗೆ ಹೊಸ ಹೆಸರುಗಳನ್ನು ಇಡಲಾಯಿತು. ತಮಿಳುನಾಡಿನಲ್ಲಿ ‘ಪೋದುಂಪೊಣ್ಣು’, ಎಂದರೆ ‘ಸಾಕಾಯಿತು ಹೆಣ್ಣು’, ಎಂಬ ಹೆಸರಿದೆ. ನಾವು ಅವರನ್ನು ನೋಡಿ ನಿಟ್ಟುಸಿರಿಡಬೇಕಾಗಿಲ್ಲ. ನಮ್ಮಲ್ಲಿಯೂ ಸಾಕಮ್ಮ, ಸಾಕವ್ವ ಎಂಬ ಹೆಸರುಗಳನ್ನು ಇದೇ ಭಾವದಿಂದ ಇಟ್ಟ ಮನೆಗಳಿದ್ದವು. ಹೆಣ್ಣುಮಗುವಿನ ಚರಿತ್ರೆಯೆಲ್ಲ ಒಂದೇ ಪದದಲ್ಲಿ ಅಡಗಿರುವ ಕಿರುಗವನಗಳು ಇವು.

ಹೊನ್ನಮ್ಮನ ಪ್ರಶ್ನೆ

ಇಂತಹ ನುಡಿಯ ನಡುವೆಯೇ ಬೆಳೆದು ಅದನ್ನು ಪ್ರಶ್ನಿಸಿದ ಧೀರ ಮಹಿಳೆ ನಮ್ಮ ಸಂಚಿಯ ಹೊನ್ನಮ್ಮ. ಹದಿನೇಳನೆಯ ಶತಮಾನದಲ್ಲಿ, ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದವಳು ಆಕೆ. ಸಾಂಗತ್ಯದಲ್ಲಿ ಆಕೆ ರಚಿಸಿದ ‘ಹದಿಬದೆಯ ಧರ್ಮ’ದ ವಸ್ತು ಪತಿವ್ರತೆಯ ಕರ್ತವ್ಯ. ಪರಂಪರೆಗೆ ಒಪ್ಪಿತವಾದ ಆ ಚೌಕಟ್ಟಿನೊಳಗೇ ಆಕೆ ಮಗನಿಂದ ಬಂದ ಹೆಚ್ಚಳವೇನು, ಮಗಳಿಂದಾದ ಕೊರತೆಯೇನು ಎಂದು ಕೇಳುತ್ತಾಳೆ. ಇಬ್ಬರಲ್ಲಿ ಒಳ್ಳೆಯದನ್ನು ಆಚರಿಸಿದವರಿಂದಲೇ ಇಹಪರಗಳ ಸುಖವೆಂದು ತೀರ್ಪು ಕೊಡುತ್ತಾಳೆ. ಹೆತ್ತು ಹೊರೆದವಳು ಹೆಣ್ಣಾಗಿರುವಾಗ ಆ ಜಾತಿಯನ್ನೇ ಹಳಿಯುವವರನ್ನು ಆಕೆ ಕುರುಡರೆಂದು ಕರೆಯಲೂ ಹಿಂಜರಿಯುವುದಿಲ್ಲ. ಹಾಡಲು ಬರುವ ಛಂದಸ್ಸಿನಲ್ಲಿ, ಮನೆಯ ಹೆಂಗಸರಿಗೂ ತಿಳಿಯುವ ಮಾತಿನಲ್ಲಿ ಹೇಳಿದ್ದರಿಂದಲೇ ಆ ಪ್ರಶ್ನೆ ಇಂದಿಗೂ ಕನ್ನಡಿಗರ ನಾಲಗೆಯ ಮೇಲಿದೆ.

ಬೀಸುಕಲ್ಲಿನ ಸಾಕ್ಷ್ಯ

ಅಕ್ಷರ ಬಲ್ಲ ಹೊನ್ನಮ್ಮನಂಥವರು ಬೆರಳೆಣಿಕೆಯಷ್ಟು ಮಂದಿ. ಅಕ್ಷರವಿಲ್ಲದ ಕೋಟ್ಯಂತರ ತಾಯಂದಿರಿಗೆ ಬೀಸುಕಲ್ಲೇ ಒಡನಾಡಿಯಾಗಿತ್ತು. ಮನೆಯ ಗಂಡಸರು ಏಳುವ ಮೊದಲು, ಕೋಳಿ ಕೂಗುವ ಹೊತ್ತಿನಲ್ಲಿ, ಹಿಟ್ಟಿನ ಜೊತೆಗೆ ಹಾಡೂ ಹೊರಬೀಳುತ್ತಿತ್ತು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ಅಂತಹ ತ್ರಿಪದಿಗಳ ಭಂಡಾರ. ಅಲ್ಲಿ ತವರಿನ ಹೊಗಳಿಕೆ ತುಂಬಿ ತುಳುಕುತ್ತದೆ. ಅಣ್ಣತಮ್ಮಂದಿರ ಏಳಿಗೆಗಾಗಿ ತಂಗಿ ಹರಸುತ್ತಾಳೆ. ಆದರೆ ತಾನು ಆ ಮನೆಗೆ ಕೆಲವು ದಿನಗಳ ಅತಿಥಿಯೆಂಬ ಅರಿವು ಆ ಹರಕೆಯ ಬೆನ್ನಿಗೇ ಇದೆ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂದು ಗಾದೆ ಒಣದಾಗಿ ಹೇಳಿದ್ದನ್ನು ತ್ರಿಪದಿಯು ಕಣ್ಣೀರಿನಲ್ಲಿ ನೆನೆಸಿ ಹೇಳುತ್ತದೆ. ಗಾದೆಯನ್ನು ಕೇಳಿದವನು ತಲೆದೂಗುತ್ತಾನೆ. ತ್ರಿಪದಿಯನ್ನು ಕೇಳಿದವನು ತಲೆತಗ್ಗಿಸುತ್ತಾನೆ. ಕಾವ್ಯದ ಭಾಷೆ ಮಾಡುವ ಕೆಲಸವೆಂದರೆ ಇದೇ.

ಮರಾಠಿಯ ‘ಓವಿ’ಯೂ ನಮ್ಮ ತ್ರಿಪದಿಯ ಸಹೋದರಿ. ಪುಣೆಯ ಹೇಮಾ ರಾಯರ್ಕರ್ ಮತ್ತು ಗೀ ಪೊಯ್ತವ್ಯಾ ಅವರ ನೇತೃತ್ವದಲ್ಲಿ ಮಹಾರಾಷ್ಟ್ರದ ಹಳ್ಳಿಗಳಿಂದ ಒಂದು ಲಕ್ಷಕ್ಕೂ ಹೆಚ್ಚು ಬೀಸುವ ಪದಗಳು ಸಂಗ್ರಹವಾಗಿವೆ. ಹೆಣ್ಣಾಗಿ ಹುಟ್ಟಿದ ಸಂಕಟವನ್ನು ತಾಯಿಗೆ, ದೇವರಿಗೆ, ಕೊನೆಗೆ ಬೀಸುವ ಕಲ್ಲಿಗೇ ನಿವೇದಿಸುವ ಹಾಡುಗಳು ಅವುಗಳಲ್ಲಿವೆ. ನ್ಯಾಯಾಲಯದ ಮೆಟ್ಟಿಲೇರದ ಹೆಂಗಸರು ಕೊಟ್ಟ ಸಾಕ್ಷ್ಯವಿದು.

ಅದೇ ಪುಣೆಯಲ್ಲಿ ಕಾವ್ಯವೂ ಕಾರ್ಯವೂ ಒಂದೇ ಮನೆಯಲ್ಲಿ ನೆಲೆಸಿದ್ದ ಉದಾಹರಣೆಯಿದೆ. ಸಾವಿತ್ರೀಬಾಯಿ ಫುಲೆಯವರು 1854ರಲ್ಲಿ ‘ಕಾವ್ಯಫುಲೆ’ ಎಂಬ ಕವನ ಸಂಗ್ರಹವನ್ನು ಪ್ರಕಟಿಸಿದರು. 1863ರಲ್ಲಿ ಅವರೂ ಜ್ಯೋತಿಬಾ ಅವರೂ ತಮ್ಮ ಮನೆಯಲ್ಲಿಯೇ ಬಾಲಹತ್ಯಾ ಪ್ರತಿಬಂಧಕ ಗೃಹವನ್ನು ತೆರೆದರು. ಅಲ್ಲಿ ಆಶ್ರಯ ಪಡೆದವರು ಲೋಕನಿಂದೆಗೆ ಅಂಜಿ ಕೂಸನ್ನು ಕೊಲ್ಲಬೇಕಾಗಿ ಬರುತ್ತಿದ್ದ ವಿಧವೆಯರು. ಕಾರಣ ಬೇರೆಯಾದರೂ, ಹೆಣ್ಣಿನ ಮೇಲೆ ಹೊರಿಸಿದ ಕಳಂಕಕ್ಕೆ ಶಿಶು ಬಲಿಯಾಗಬಾರದೆಂಬ ಸಂಕಲ್ಪ ಅದೇ.

ಹಾಲೆಂಬ ಮಾತು

ತಮಿಳುನಾಡಿನ ಮಧುರೈ ಜಿಲ್ಲೆಯ ಉಸಿಲಂಪಟ್ಟಿ ಪ್ರದೇಶದಲ್ಲಿ ನವಜಾತ ಹೆಣ್ಣುಶಿಶುಗಳ ಹತ್ಯೆ ನಡೆಯುತ್ತಿರುವ ವಾರ್ತೆ 1986ರಲ್ಲಿ ಪತ್ರಿಕೆಗಳ ಮೂಲಕ ದೇಶಕ್ಕೆಲ್ಲ ತಿಳಿಯಿತು. ವರದಕ್ಷಿಣೆಯ ಭಾರ, ಬಡತನ, ಹಿರಿಯರ ಒತ್ತಾಯ ಇವು ಕಾರಣಗಳು. 1992ರಲ್ಲಿ ಅಲ್ಲಿನ ಸರ್ಕಾರ ತೊಟ್ಟಿಲು ಯೋಜನೆಯನ್ನು ಆರಂಭಿಸಿ, ಬೇಡವಾದ ಕೂಸನ್ನು ಕೊಲ್ಲದೆ ತೊಟ್ಟಿಲಲ್ಲಿ ಬಿಟ್ಟುಹೋಗಿರೆಂದು ತಾಯಂದಿರನ್ನು ಕೇಳಿಕೊಂಡಿತು. 1994ರಲ್ಲಿ ಭಾರತಿರಾಜರ ‘ಕರುತ್ತಮ್ಮ’ ಚಲನಚಿತ್ರ ಇದೇ ದುರಂತವನ್ನು ತೆರೆಯ ಮೇಲೆ ತಂದಿತು.

ಈ ಸಂದರ್ಭದಲ್ಲಿ ತಮಿಳಿನಲ್ಲಿ ಮನೆಮಾತಾದ ಪದ ‘ಕಳ್ಳಿಪ್ಪಾಲ್’. ಕಳ್ಳಿಗಿಡದಿಂದ ಒಸರುವ ವಿಷದ್ರವವನ್ನು ಅವರೂ ನಮ್ಮಂತೆ ‘ಹಾಲು’ ಎಂದೇ ಕರೆಯುತ್ತಾರೆ. ತಾಯಿಹಾಲೂ ಹಾಲು, ಕಳ್ಳಿಹಾಲೂ ಹಾಲು. ಮೊದಲ ಗುಟುಕಿಗೆ ಬಾಯ್ದೆರೆದ ಕೂಸಿಗೆ ಯಾವುದು ದೊರೆಯುತ್ತದೆ ಎಂಬುದು ಅದು ಗಂಡೋ ಹೆಣ್ಣೋ ಎಂಬುದನ್ನು ಅವಲಂಬಿಸಿತ್ತು. ಪೊಲೀಸರ ವರದಿಯಲ್ಲಿ ‘ವಿಷಪ್ರಾಶನ’ ಎಂದು ಬರೆದರೆ ನಾವು ಓದಿ ಮುಂದಿನ ಪುಟಕ್ಕೆ ಹೋಗುತ್ತೇವೆ. ಎರಡು ಹಾಲುಗಳನ್ನು ಕವಿ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಇಟ್ಟನೆಂದರೆ ಓದುಗನ ಗಂಟಲು ಕಟ್ಟುತ್ತದೆ.

ಶರೀರವಿಜ್ಞಾನವೇನು ಹೇಳುತ್ತದೆ?

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1990ರಲ್ಲಿ ಜಗತ್ತಿನಲ್ಲಿ ಹತ್ತು ಕೋಟಿಗೂ ಹೆಚ್ಚು ಸ್ತ್ರೀಯರು ‘ಕಾಣೆಯಾಗಿದ್ದಾರೆ’ ಎಂದು ಬರೆದರು. ಲೆಕ್ಕದ ಕೊರತೆಯನ್ನು ಮನುಷ್ಯರ ಕೊರತೆಯಾಗಿ ಕಾಣಿಸಲು ಅವರಿಗೂ ಒಂದು ರೂಪಕ ಬೇಕಾಯಿತು. ನಿಸರ್ಗದ ನಿಯಮದಂತೆ ಸಾವಿರ ಗಂಡುಮಕ್ಕಳಿಗೆ ಸುಮಾರು 950 ಹೆಣ್ಣುಮಕ್ಕಳು ಹುಟ್ಟುತ್ತಾರೆ. ಶೈಶವದಲ್ಲಿ ರೋಗಗಳನ್ನು ಎದುರಿಸುವ ಸಹಜ ಶಕ್ತಿ ಹೆಣ್ಣುಕೂಸಿಗೇ ಹೆಚ್ಚು. ಹೀಗಿದ್ದೂ ನಮ್ಮ ದೇಶದಲ್ಲಿ ದೀರ್ಘಕಾಲ ಐದು ವರ್ಷದೊಳಗೆ ಸಾಯುವ ಮಕ್ಕಳಲ್ಲಿ ಹೆಣ್ಣಿನ ಪ್ರಮಾಣವೇ ಅಧಿಕವಾಗಿತ್ತು. ಬೇಗನೆ ಮೊಲೆ ಬಿಡಿಸುವುದು, ಕಾಯಿಲೆಯಾದಾಗ ವೈದ್ಯರ ಬಳಿಗೆ ತಡವಾಗಿ ಒಯ್ಯುವುದು, ಊಟದಲ್ಲಿ ಕಡಮೆ ಬಡಿಸುವುದು, ಇವು ಕೈಗೆ ರಕ್ತ ಹತ್ತದ ಹತ್ಯೆಗಳು.

ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳ ಸಂಖ್ಯೆ 1981ರ ಜನಗಣತಿಯಲ್ಲಿ 962, 1991ರಲ್ಲಿ 945, 2001ರಲ್ಲಿ 927, 2011ರಲ್ಲಿ 919. 2011ರಲ್ಲಿ ಕರ್ನಾಟಕದ ಸಂಖ್ಯೆ 948, ಮಹಾರಾಷ್ಟ್ರದ್ದು 894. ನಗರವಾಸಿಗಳಾದ ನಾವು ಮುಖ್ಯವಾಗಿ ಗಮನಿಸಬೇಕಾದದ್ದು ಇನ್ನೊಂದಿದೆ: ಅದೇ ಗಣತಿಯಲ್ಲಿ ದೇಶದ ಹಳ್ಳಿಗಳಲ್ಲಿ 923 ಇದ್ದ ಈ ಸಂಖ್ಯೆ ಪಟ್ಟಣಗಳಲ್ಲಿ 905ಕ್ಕೆ ಇಳಿದಿತ್ತು. ವಿದ್ಯೆ, ಸಂಪತ್ತುಗಳು ಹೆಣ್ಣುಮಗುವನ್ನು ತಾವಾಗಿಯೇ ಕಾಪಾಡಲಿಲ್ಲ. ಹಳ್ಳಿಯಲ್ಲಿ ಜನನಾನಂತರ ನಡೆಯುತ್ತಿದ್ದುದು ಪಟ್ಟಣದಲ್ಲಿ ಯಂತ್ರದ ನೆರವಿನಿಂದ ಜನನಕ್ಕೆ ಮೊದಲೇ ನಡೆಯಿತು.

ಇಲ್ಲಿ ಒಂದು ಅಜ್ಞಾನವನ್ನು ನಿವಾರಿಸಬೇಕು. ಮಗುವಿನ ಲಿಂಗವನ್ನು ನಿರ್ಧರಿಸುವುದು ತಂದೆಯ ವೀರ್ಯಾಣು. ತಾಯಿಯ ಅಂಡಾಣುವಿನಲ್ಲಿರುವುದು ಯಾವಾಗಲೂ ಎಕ್ಸ್ ವರ್ಣತಂತು. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ‘ಹೆಣ್ಣು ಹೆತ್ತವಳು’ ಎಂದು ಸೊಸೆಯನ್ನು ಜರೆಯುವುದು ಕ್ರೌರ್ಯ ಮಾತ್ರವಲ್ಲ, ಅವೈಜ್ಞಾನಿಕ ಕೂಡ.

ಸಂಜ್ಞೆಯನ್ನೂ ನಿಷೇಧಿಸಿದ ಕಾನೂನು

ಹೆಣ್ಣುಶಿಶುಹತ್ಯೆಯನ್ನು ತಡೆಯಲು 1870ರಲ್ಲಿಯೇ ಕಾಯಿದೆ ಬಂದಿತ್ತು. ಭ್ರೂಣದ ಲಿಂಗಪತ್ತೆಯ ವಿರುದ್ಧ ಮೊದಲು ಕಾನೂನು ಮಾಡಿದ್ದು 1988ರಲ್ಲಿ ಮಹಾರಾಷ್ಟ್ರ. ಕೇಂದ್ರದ ಕಾಯಿದೆ 1994ರಲ್ಲಿ ರೂಪುಗೊಂಡು 1996ರಲ್ಲಿ ಜಾರಿಗೆ ಬಂದಿತು. 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಭ್ರೂಣದ ಲಿಂಗವನ್ನು ಮಾತಿನಿಂದಾಗಲಿ, ಸಂಜ್ಞೆಯಿಂದಾಗಲಿ, ಬೇರೆ ಯಾವ ರೀತಿಯಿಂದಾಗಲಿ ತಿಳಿಸಕೂಡದೆಂದು ಅದು ವಿಧಿಸುತ್ತದೆ. ತಿಳಿಸಿದ ವೈದ್ಯರಿಗೂ ಕೇಳಿಹೋದ ಕುಟುಂಬದವರಿಗೂ ಮೊದಲ ಅಪರಾಧಕ್ಕೇ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ದಂಡವಿದೆ. ಗರ್ಭಿಣಿಯನ್ನು ಮನೆಯವರೇ ಬಲವಂತಪಡಿಸಿದರೆಂದು ಕಾನೂನು ಭಾವಿಸುತ್ತದೆ. ‘ಸಂಜ್ಞೆ’ ಎಂಬ ಪದ ಅಲ್ಲಿ ಏಕೆ ಬಂದಿತೆಂಬುದನ್ನು ಯೋಚಿಸಿರಿ. ಸಿಹಿತಿಂಡಿಯ ಹೆಸರಿನಿಂದಲೋ ದೇವರ ಹೆಸರಿನಿಂದಲೋ ಶಾಯಿಯ ಬಣ್ಣದಿಂದಲೋ ಗುಟ್ಟನ್ನು ದಾಟಿಸಬಹುದು. ಕವಿಯು ಸತ್ಯವನ್ನು ಪ್ರಕಟಿಸಲು ಬಳಸಿದ ಧ್ವನಿಯನ್ನೇ ಕೊಲೆಗಡುಕತನವು ತನ್ನನ್ನು ಮರೆಮಾಡಿಕೊಳ್ಳಲು ಬಳಸಿಕೊಂಡಿತು. ಹೀಗಿರುವಾಗ ಆ ಮಾತುಗಳ ಗೂಢಾರ್ಥವನ್ನು ಬಿಡಿಸಿ ಓದುವ ವಿವೇಕ ಕಾವ್ಯರಸಿಕರಲ್ಲದೆ ಇನ್ನಾರಿಗೆ ಬರಬೇಕು?

ಹೊರನಾಡಿನಲ್ಲಿ ಕನ್ನಡವನ್ನು ಉಳಿಸಿ ಬೆಳೆಸಬೇಕೆಂದು ನಾವು ಸಂಘ ಕಟ್ಟಿದ್ದೇವೆ. ಭಾಷೆಯನ್ನು ಉಳಿಸುವಾಗ ಅದರಲ್ಲಿ ಅಡಗಿರುವ ಮುಳ್ಳನ್ನು ಕಿತ್ತುಹಾಕುವುದೂ ನಮ್ಮ ಹೊಣೆ. ಮುಂದಿನ ಸೀಮಂತದಲ್ಲಿ ಆರತಿಯೆತ್ತುವ ತಾಯಂದಿರು ‘ಗಂಡುಮಗುವಾಗಲಿ’ ಎನ್ನುವ ಬದಲು ‘ಆರೋಗ್ಯವಂತ ಮಗುವಾಗಲಿ’ ಎಂದು ಹರಸಲಿ. ಬಾಗಿಲಿಗೆ ಬರುವ ಡಬ್ಬಿಯಲ್ಲಿ ಯಾರು ಹುಟ್ಟಿದರೂ ಒಂದೇ ಸಿಹಿಯಿರಲಿ.

ಕನ್ನಡದ ‘ಸಾಕು’ ಎಂಬ ಮಾತಿಗೆ ಎರಡು ಅರ್ಥಗಳಿವೆ: ಇನ್ನು ಬೇಡ ಎಂಬುದು ಒಂದು, ಪೋಷಿಸು ಎಂಬುದು ಮತ್ತೊಂದು. ಸಾಕಮ್ಮನೆಂದು ಹೆಸರಿಟ್ಟವರು ಮೊದಲನೆಯ ಅರ್ಥದಲ್ಲಿ ಕರೆದಿರಬಹುದು. ಕೂಸು ಕೇಳಿದ್ದು ಎರಡನೆಯ ಅರ್ಥದಲ್ಲಿ. ಆ ಅರ್ಥವನ್ನೇ ಎತ್ತಿಹಿಡಿಯುವುದು ನಮ್ಮ ಕೈಯಲ್ಲಿದೆ.