ಮೇಷ್ಟ್ರಿಗೂ ಒಂದು ಆನ್‌ಲೈನ್ ಕ್ಲಾಸು

ಒಂದು ಗಂಟೆಯ ಲೆಕ್ಚರನ್ನ ಹಾಗೇ ರೆಕಾರ್ಡ್ ಮಾಡಿ ನೆಟ್‌ಗೆ ಹಾಕಿದ್ರೆ ಅದು ಆನ್‌ಲೈನ್ ಪಾಠ ಆಗುತ್ತಾ? ಇಲ್ಲ. ಸ್ಮಾರ್ಟ್ ಬೋರ್ಡಲ್ಲಿ ಪಿಪಿಟಿ ಓದಿ ಹೇಳೋದೂ ಅಷ್ಟೇ, ಬಿಡಿ!

ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆಯ ಕೋರ್ಸ್ ನೋಡಿ. ಅದರ ನಾಲ್ಕು ಭಾಗಗಳಲ್ಲಿ ವಿಡಿಯೊ ಒಂದು ಅಷ್ಟೇ. ಜೊತೆಗೆ ಓದೋಕೆ ಬರಹ, ತಮ್ಮನ್ನ ತಾವೇ ಪರೀಕ್ಷಿಸಿಕೊಳ್ಳೋ ಪ್ರಶ್ನೆಗಳು, ಅನುಮಾನ ಕೇಳೋಕೆ ಚರ್ಚೆ. ಈ ಕೊನೆಯದ್ದೇ ಕಷ್ಟ. ಉತ್ತರ ಕೊಡೋಕೆ ಮೇಷ್ಟ್ರು ಅಲ್ಲಿರಬೇಕಲ್ಲ!

ಅಧ್ಯಾಪಕರಿಗಾಗಿಯೇ 2018ರಲ್ಲಿ ಇದೇ ವೇದಿಕೆಯಲ್ಲಿ ‘ಅರ್ಪಿತ್’ ಶುರುವಾಯ್ತು. 40 ಗಂಟೆ ಕಲಿಕೆ, ಅರ್ಧ ಮಾತ್ರ ವಿಡಿಯೊ, ಕೊನೆಗೆ ಪರೀಕ್ಷೆ. ಅಂದ್ರೆ, ಪಾಠ ಮಾಡೋರು ಮೊದಲು ಸ್ಕ್ರೀನ್ ಮುಂದೆ ವಿದ್ಯಾರ್ಥಿಯಾಗಿ ಕೂತ್ಕೋಬೇಕು.

ಈಗ ಮಾಳವೀಯ ಮಿಷನ್ ಕೇಂದ್ರಗಳಲ್ಲೂ ಅಧ್ಯಾಪಕರಿಗೆ ತರಬೇತಿ ಇದೆ, ಮೈಸೂರು ವಿಶ್ವವಿದ್ಯಾಲಯದಲ್ಲೂ. ಮುಂದಿನ ಬ್ಯಾಚಿಗೆ ಹೆಸರು ಕೊಡಿ, ಮೇಷ್ಟ್ರೇ.