ನೌಕರನೂ ಹೊಸ ಪದ್ಧತಿಯೂ

ಕಚೇರಿಗೆ ಹೊಸ ಪದ್ಧತಿ ಬಂದಾಗ ನೌಕರರು ಹಿಂಜರಿಯುವುದೇಕೆ? ಸೋಮಾರಿತನವೆನ್ನುವವರುಂಟು. ಅದು ಪೂರ್ಣ ಸತ್ಯವಲ್ಲವೆಂಬುದನ್ನು ನಮ್ಮ ಹುಲಸೂರಿನ ಸೀಮೆಯ ಚರಿತ್ರೆಯಿಂದಲೇ ತಿಳಿಯಬಹುದು.

ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಜನರ ಮಾತು ಕನ್ನಡ, ಮರಾಠಿ. ಮೇಲಿನ ಕಚೇರಿಗಳ ಬರಹ ಮಾತ್ರ ಉರ್ದು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. 1963ರ ಅಧಿನಿಯಮದಿಂದ ಕನ್ನಡವು ರಾಜ್ಯದ ಆಡಳಿತ ಭಾಷೆಯಾಯಿತು.

ಉರ್ದುವಿನಲ್ಲಿ ಪಳಗಿದ ಗುಮಾಸ್ತನೊಬ್ಬನನ್ನು ಊಹಿಸಿಕೊಳ್ಳಿರಿ. ಬಲದಿಂದ ಎಡಕ್ಕೆ ಓಡುತ್ತಿದ್ದ ಅವನ ಲೇಖನಿ ಇನ್ನು ಎಡದಿಂದ ಬಲಕ್ಕೆ ಸಾಗಬೇಕು. ನಿನ್ನೆಯವರೆಗೆ ಕಿರಿಯರ ಕರಡು ತಿದ್ದುತ್ತಿದ್ದವನು ಇಂದು ತನ್ನ ಕಾಗುಣಿತವನ್ನು ಅವರಿಂದಲೇ ತಿದ್ದಿಸಿಕೊಳ್ಳಬೇಕು. ಅವನಿಗೆ ಅಂಜಿಕೆ ಹೊಸ ಅಕ್ಷರಗಳದಲ್ಲ. ದುಡಿದು ಗಳಿಸಿದ ಮಾನ ಹೋದೀತೆಂಬುದರದು.

ಆದರೂ ಹಳೆಯದೆಲ್ಲ ಅಳಿಯಲಿಲ್ಲ. ತಹಶೀಲ್ದಾರ, ದಫ್ತರ, ಮಹಜರು, ಜಮಾಬಂದಿ ಮುಂತಾದ ಮಾತುಗಳು ಕನ್ನಡದ ಕಡತಗಳಲ್ಲಿಯೂ ನಿಂತವು. ಪರಿಚಿತವಾದ ಇಂಥ ಮಾತುಗಳು ಹೊಸಬರಹ ಕಲಿಯುವ ಹಳಬನಿಗೆ ಊರುಗೋಲಾಗಬಲ್ಲವು.

ಸುಮಾರು 2000ದಲ್ಲಿ 'ಭೂಮಿ' ಯೋಜನೆ ಬಂದಾಗ ಇದೇ ಪ್ರಶ್ನೆ ಮತ್ತೆ ಎದ್ದಿತು. ಗ್ರಾಮಲೆಕ್ಕಿಗರು ಕೈಯಿಂದ ಬರೆದು ಕೊಡುತ್ತಿದ್ದ ಪಹಣಿಯ ಸ್ಥಾನಕ್ಕೆ ತಾಲ್ಲೂಕು ಕಚೇರಿಯ ಗಣಕಯಂತ್ರದ ಪಹಣಿ ಬಂದಿತು. ರೈತನಿಗೆ ಅನುಕೂಲವಾಯಿತು, ನಿಜ. ಆದರೆ ಬರೆಯುವ ಕೈಗಿದ್ದ ಅಧಿಕಾರ ಹೋಯಿತು.

ಆದ್ದರಿಂದ ಬದಲಾವಣೆ ತರುವವರು ಆಜ್ಞೆಯೊಂದನ್ನೇ ನೆಚ್ಚಬಾರದು. ಕಲಿಯಲು ಕಾಲಾವಕಾಶ, ತಪ್ಪಿಗೆ ಕ್ಷಮೆ, ಹಳಬನ ಅನುಭವಕ್ಕೆ ಮನ್ನಣೆ, ಈ ಮೂರೂ ಬೇಕು. ನಾಳೆ ನೌಕರಿಗೆ ಹೋಗಲಿರುವ ನಾವು ಇದನ್ನು ಮರೆಯದಿರೋಣ. ನಮ್ಮ ಕಲಿಕೆಯೂ ಒಂದು ದಿನ ಹಳತಾಗುವುದು.